ಟೆರೇಸಿನ ಡಿಶ್, ತೋಟದ ತಂತಿ, ಬೇರೆಯವರ ದೂರದರ್ಶಕ

ದೂರದ ಗ್ಯಾಲಕ್ಸಿಗಳಿಂದ ಬರುವ ರೇಡಿಯೋ ಅಲೆಗಳ ಹೊಳಪು ಏರಿಳಿಯುವುದನ್ನು ನಾನೇ ನೋಡಬೇಕು ಅಂತ ಹೊರಟೆ. ಮೂರು ದಾರಿ ಹಿಡಿದೆ.

ಮೊದಲನೆಯದು ಹಾಸನದ ನಮ್ಮ ಟೆರೇಸಿನಲ್ಲಿ ತುಕ್ಕು ಹಿಡಿಯುತ್ತಿದ್ದ 60 ಸೆಂಟಿಮೀಟರಿನ ಡಿಟಿಎಚ್ ಡಿಶ್. ಅದಕ್ಕೊಂದು ಸ್ಯಾಟಲೈಟ್ ಫೈಂಡರ್, ಅಂದರೆ ಸಿಗ್ನಲ್ ಎಷ್ಟಿದೆ ಅಂತ ಮುಳ್ಳಿನಲ್ಲಿ ತೋರಿಸುವ ಮೀಟರ್, ಸಿಕ್ಕಿಸಿದೆ. ಡಿಶ್ ಅಲ್ಲಾಡಿಸದೆ ಬಿಟ್ಟರೆ ಸೂರ್ಯ ತಾನಾಗಿ ಅದರ ಮುಂದೆ ಹಾದುಹೋಗುತ್ತಾನೆ. ಹತ್ತು ಹನ್ನೆರಡು ನಿಮಿಷದಲ್ಲಿ ಮುಳ್ಳು ಏರಿ ಇಳಿಯುತ್ತದೆ. ಮೊದಲ ದಿನ ಭಾರಿ ಖುಷಿ. ಒಂದು ದಿನ ಮಧ್ಯಾಹ್ನದ ಅಳತೆ ಬೆಳಗಿನದಕ್ಕಿಂತ ಕಡಿಮೆ ಬಂತು. ಸೂರ್ಯ ಮಂಕಾದನಾ? ಖಾಲಿ ಆಕಾಶದ ಕಡೆ ತಿರುಗಿಸಿದರೆ ಅಲ್ಲೂ ಮುಳ್ಳು ಇಳಿದಿತ್ತು. ಬಿಸಿಲಿಗೆ ಸುಸ್ತಾಗಿದ್ದು ಎಲ್‌ಎನ್‌ಬಿ, ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿದು ಹಿಗ್ಗಿಸುವ ಡಬ್ಬಿ!

ಎರಡನೆಯದು ಸಕಲೇಶಪುರದ ಹತ್ತಿರ ಮಾವನ ಕಾಫಿ ತೋಟದಲ್ಲಿ. ಎರಡು ಬಿದಿರು ಗಳ, ನಡುವೆ ಏಳು ಮೀಟರ್ ತಾಮ್ರದ ತಂತಿ, 20.1 ಮೆಗಾಹರ್ಟ್ಸ್‌ಗೆ ಇಟ್ಟ ಶಾರ್ಟ್‌ವೇವ್ ರೇಡಿಯೋ. ಊರೊಳಗೆ ಇದು ಆಗದ ಕೆಲಸ. ಎಲ್‌ಇಡಿ ಬಲ್ಬು, ಇನ್ವರ್ಟರ್ ಎಲ್ಲ ಸೇರಿ ಗುಂಯ್ ಅನ್ನುತ್ತವೆ. ತೋಟದಲ್ಲಿ ಗುಂಯ್ ಇಲ್ಲ, ಆದರೆ ಸೆಕೆಂಡಿಗೊಮ್ಮೆ ಟಿಕ್, ಟಿಕ್. 1967ರಲ್ಲಿ ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಕಂಡ ಮೊದಲ ಪಲ್ಸಾರ್, ಅಂದರೆ ಗಡಿಯಾರದ ಹಾಗೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ, 1.34 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತಲ್ಲ, ನನ್ನ ಎದೆಯೂ ಹೊಡೆದುಕೊಂಡಿತು.

"ಅದು ಆನೆ ಬೇಲಿ ಕಣ್ರೀ ಅಳಿಯಂದ್ರೇ," ಅಂದರು ಮಾವ. "ಅರ್ಧ ಗಂಟೆ ಆಫ್ ಮಾಡಿಸ್ತೀನಿ. ಬಾಳೆ ಹೋದ್ರೆ ನಿಮ್ಮ ಲೆಕ್ಕಕ್ಕೆ."

ಬೇಲಿ ಆಫ್ ಮಾಡಿಸಿ ಕೂತ ಒಂಬತ್ತು ನಸುಕುಗಳಲ್ಲಿ ಒಂದೇ ಸಲ ಗುರು ಗ್ರಹ ಸಿಕ್ಕಿತು. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಚಟಪಟ. ಅದರ ಚಂದ್ರ ಅಯೋ ಸರಿಯಾದ ಜಾಗದಲ್ಲಿದ್ದರೆ ಈ ಸದ್ದಿನ ಸಾಧ್ಯತೆ ಜಾಸ್ತಿ. 1955ರಲ್ಲಿ ಇದನ್ನು ಮೊದಲು ಹಿಡಿದ ವಿಜ್ಞಾನಿಗಳಾದ ಬರ್ಕ್ ಮತ್ತು ಫ್ರಾಂಕ್ಲಿನ್ ಕೂಡ ಮೊದಲು ಯಾವುದೋ ಗಾಡಿಯ ಇಗ್ನಿಷನ್ ಗದ್ದಲ ಅಂದುಕೊಂಡಿದ್ದರಂತೆ. ಬಾಳೆಗೆ ಏನೂ ಆಗಲಿಲ್ಲ.

ಆದರೆ ಸೂರ್ಯ, ಗುರು ಎರಡೂ ನಮ್ಮ ಕೇರಿಯವರೇ ಅಲ್ವಾ? ನನಗೆ ಬೇಕಿದ್ದದ್ದು 240 ಕೋಟಿ ಜ್ಯೋತಿರ್ವರ್ಷ ದೂರದ 3ಸಿ 273 ಎಂಬ ಕ್ವೇಸಾರ್, ಅಂದರೆ ನಡುಭಾಗ ಭಾರಿ ಹೊಳೆಯುವ ಗ್ಯಾಲಕ್ಸಿ. ನನ್ನ ಡಿಶ್‌ಗೆ ಸೂರ್ಯ ಅದಕ್ಕಿಂತ ಲಕ್ಷ ಪಟ್ಟಿನ ಆಸುಪಾಸು ಹೆಚ್ಚು ಪ್ರಕಾಶ. ಹಾಗಾಗಿ ಮೂರನೆಯ ದಾರಿ: ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯ 40 ಮೀಟರ್ ದೂರದರ್ಶಕ. 2008ರ ಸುಮಾರಿಗೆ ಶುರುವಾಗಿ, ಸಾವಿರಕ್ಕೂ ಹೆಚ್ಚು ಬ್ಲೇಜಾರ್‌ಗಳನ್ನು ವಾರಕ್ಕೆ ಎರಡು ಸಲದ ಲೆಕ್ಕದಲ್ಲಿ 15 ಗಿಗಾಹರ್ಟ್ಸ್‌ನಲ್ಲಿ ಅಳೆದಿದೆ. ಬ್ಲೇಜಾರ್ ಅಂದರೆ ದೊಡ್ಡ ಕಪ್ಪುಕುಳಿಯೊಂದು ತನ್ನ ಜೆಟ್ಟನ್ನು ನಮ್ಮ ಕಡೆಗೇ ಚಿಮ್ಮಿಸುತ್ತಿರುವ ಗ್ಯಾಲಕ್ಸಿ. ಅವರು ಎಲ್ಲರಿಗೂ ಬಿಟ್ಟ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಹಾಕಿದೆ. ತಿಂಗಳುಗಟ್ಟಲೆ ಏರಿ, ಮತ್ತೆ ಇಳಿಯುವ ಗೆರೆ. ಕೈಗೆ ಮಣ್ಣಾಗಲಿಲ್ಲ, ರೋಮಾಂಚನವೂ ಕಡಿಮೆ. ಆದರೂ ದೂರದ್ದು ಬೇಕು ಅಂದರೆ ನಮ್ಮಂಥವರಿಗೆ ಇದೊಂದೇ. ಸ್ವಂತ ಕೈಯಿಂದ ಬದಲಾವಣೆ ಕೇಳಬೇಕಾ, ತಂತಿ ಕಟ್ಟಿ. ಡಿಶ್ ನನ್ನ ಲೆಕ್ಕದಲ್ಲಿ ಕೊನೆ.

ಹಾಗಂತ ಎಸೆದಿಲ್ಲ. ಓವೆನ್ಸ್ ವ್ಯಾಲಿಯವರು ತಮ್ಮ ಅಳತೆಯನ್ನು 3ಸಿ 286 ಎಂಬ, ಹೊಳಪು ಬದಲಾಗದ ಆಕಾಶಕಾಯಕ್ಕೆ ತಾಳೆ ಹಾಕುತ್ತಾರೆ ಅಂತ ಓದಿದ ಮೇಲೆ, ನಾನೂ ಪ್ರತಿ ಸಲ ಡಿಶ್ಶನ್ನು ಮೊದಲು ಪಕ್ಕದ ಮನೆಯ ಗೋಡೆಗೆ ತಿರುಗಿಸಿ ಮುಳ್ಳು ಎಲ್ಲಿದೆ ನೋಡುತ್ತೇನೆ. ಗೋಡೆಯಲ್ಲಿ ಏನು ಚಾನೆಲ್ ಬರುತ್ತೆ ಅಂತ ಆ ಮನೆಯ ಆಂಟಿ ಎರಡು ಸಲ ಕೇಳಿದ್ದಾರೆ.