ಫೈರ್‌ವಾಲ್‌ಗೆ ಆಕ್ಟಿವ್ ಡೈರೆಕ್ಟರಿ ಜೋಡಿಸಿಕೊಟ್ಟವರ ಬಿಲ್ ಪಾಸು ಮಾಡುವ ಮುನ್ನ

ಕಚೇರಿಯ ಜಾಲ ಕಾಯುವ ಫೈರ್‌ವಾಲ್, ಸಿಬ್ಬಂದಿಯ ಹೆಸರು-ಪಾಸ್‌ವರ್ಡುಗಳ ದಾಖಲೆಯಾದ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯನ್ನು ಕೇಳಿ ಅವರನ್ನು ಒಳಗೆ ಬಿಡುವಂತೆ ಮಾಡುವುದೇ ಈ ಜೋಡಣೆ. ಫೈರ್‌ವಾಲ್‌ನ ಪುಟದಲ್ಲಿ ಡೊಮೇನ್ ಕಂಟ್ರೋಲರ್‌ನ (ಆ ಡೈರೆಕ್ಟರಿಯನ್ನು ನಡೆಸುವ ಸರ್ವರ್‌ನ) ವಿಳಾಸ, ಒಂದು ಅಕೌಂಟಿನ ಹೆಸರು ಮತ್ತು ಪಾಸ್‌ವರ್ಡ್ ತುಂಬಿ ‘ಟೆಸ್ಟ್’ ಒತ್ತಿದಾಗ ಮೂಡುವ ‘ಸಕ್ಸಸ್’ ಎಂಬ ಹಸಿರು ಅಕ್ಷರಗಳನ್ನು ನಂಬಿ, ಕೆಲಸ ಮುಗಿಯಿತೆಂದು ಸಹಿ ಹಾಕಿಕೊಡಬೇಡಿ. ಫೈರ್‌ವಾಲ್ ಡೈರೆಕ್ಟರಿಯನ್ನು ತಲುಪಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಯಾವ ದಾರಿಯಲ್ಲಿ ಹೋಯಿತು, ಯಾರ ಅಧಿಕಾರದಲ್ಲಿ ಹೋಯಿತು, ನಾಳೆ ಯಾರ್ಯಾರನ್ನು ಒಳಗೆ ಬಿಡಲಿದೆ ಎಂಬುದು ಆ ಪರೀಕ್ಷೆಯ ವ್ಯಾಪ್ತಿಯಲ್ಲೇ ಇಲ್ಲ. ನಾನು ಕೆಲಸ ಮಾಡುವ ಸಂಸ್ಥೆಗೆ ಗುತ್ತಿಗೆಯ ಮೇಲೆ ಬಂದವರು ಈ ಜೋಡಣೆಯನ್ನು ಅರ್ಧ ದಿನದಲ್ಲಿ ಮುಗಿಸಿ, ಸಿಬ್ಬಂದಿ ಇನ್ನು ಕಚೇರಿಯ ಕಂಪ್ಯೂಟರಿನ ಪಾಸ್‌ವರ್ಡಿನಿಂದಲೇ ಮನೆಯಿಂದ ವಿಪಿಎನ್‌ಗೂ (ಹೊರಗಿನಿಂದ ಕಚೇರಿಯ ಜಾಲಕ್ಕೆ ಬರುವ ಸುರಕ್ಷಿತ ದಾರಿಗೂ) ಲಾಗಿನ್ ಆಗಬಹುದೆಂದು ತೋರಿಸಿ ಹೋದರು. ಅದರ ಫಲ ಗೊತ್ತಾಗಲು ಕೆಲವು ತಿಂಗಳು ಹಿಡಿಯಿತು.

ಒಂದು ಸೋಮವಾರ ಬೆಳಿಗ್ಗೆ ಬಹುತೇಕ ಎಲ್ಲರ ಅಕೌಂಟ್ ಲಾಕ್ ಆಗಿತ್ತು. ವಿಪಿಎನ್ ಬಳಸುವವರದಷ್ಟೇ ಅಲ್ಲ, ಕಚೇರಿಯಲ್ಲೇ ಕುಳಿತು ಕೆಲಸ ಮಾಡುವವರದೂ. ಅನ್‌ಲಾಕ್ ಮಾಡಿದ ಸ್ವಲ್ಪ ಹೊತ್ತಿಗೆ ಮತ್ತೆ ಲಾಕ್. ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಅಕೌಂಟ್ ಲಾಕ್ ಆದದ್ದನ್ನು ದಾಖಲಿಸುವ 4740 ಸಂಖ್ಯೆಯ ಈವೆಂಟ್ ತೆರೆದು ನೋಡಿದರೆ, ಪ್ರಯತ್ನ ಯಾವ ಕಂಪ್ಯೂಟರಿನಿಂದ ಬಂತೆಂದು ಹೇಳಬೇಕಾದ ಜಾಗದಲ್ಲಿ ಡೊಮೇನ್ ಕಂಟ್ರೋಲರ್‌ನದೇ ಹೆಸರಿತ್ತು. ಸರ್ವರಿಗೇ ವೈರಸ್ ಹೊಕ್ಕಿದೆ ಎಂಬ ಗುಮಾನಿಯಲ್ಲಿ ಮಧ್ಯಾಹ್ನದವರೆಗೂ ಸ್ಕ್ಯಾನ್ ನಡೆಯಿತು. ನಿಜವಾದ ಕಾರಣ ಬೇರೆ. ಫೈರ್‌ವಾಲ್ ಎಲ್‌ಡಿಎಪಿ (ಡೈರೆಕ್ಟರಿಯೊಡನೆ ಮಾತಾಡುವ ಪ್ರೋಟೋಕಾಲ್) ಮೂಲಕ ಪಾಸ್‌ವರ್ಡ್ ಒಪ್ಪಿಸಿದಾಗ ಅದರ ತಪಾಸಣೆ ನಡೆಯುವುದು ಡೊಮೇನ್ ಕಂಟ್ರೋಲರ್‌ನ ಮೇಲೆಯೇ ಆದ್ದರಿಂದ, ದಾಖಲೆಯಲ್ಲಿ ಅದರ ಹೆಸರೇ ಬೀಳುತ್ತದೆ. ಫೈರ್‌ವಾಲ್‌ನ ಲಾಗ್ ತೆರೆದ ಮೇಲೆ ವಿಷಯ ಸ್ಪಷ್ಟವಾಯಿತು: ಹೊರಗಿನ ಯಾವ ಯಾವುದೋ ಐಪಿ ವಿಳಾಸಗಳಿಂದ ನಮ್ಮ ವಿಪಿಎನ್ ಲಾಗಿನ್ ಪುಟದಲ್ಲಿ ಸಿಬ್ಬಂದಿಯ ಹೆಸರುಗಳನ್ನು ಒಂದಾದ ಮೇಲೊಂದರಂತೆ ಹಾಕಿ ಪಾಸ್‌ವರ್ಡ್ ಊಹಿಸುತ್ತಿದ್ದರು. ಫೈರ್‌ವಾಲ್ ಪ್ರತಿಯೊಂದನ್ನೂ ಡೈರೆಕ್ಟರಿಗೆ ದಾಟಿಸುತ್ತಿತ್ತು, ಡೈರೆಕ್ಟರಿ ತನ್ನ ನಿಯಮದಂತೆ ಅಕೌಂಟುಗಳನ್ನು ಲಾಕ್ ಮಾಡುತ್ತಿತ್ತು.

ತಪ್ಪು ಪ್ರಯತ್ನಗಳನ್ನು ತಡೆಯುವ ಮಿತಿ ಫೈರ್‌ವಾಲ್‌ನಲ್ಲೂ ಇರುತ್ತದೆ. ಅದು ಡೈರೆಕ್ಟರಿಯ ಮಿತಿಗಿಂತ ಕಡಿಮೆ ಇದ್ದು, ಫೈರ್‌ವಾಲ್ ಮೊದಲು ಬಾಗಿಲು ಹಾಕಬೇಕು. ನಮ್ಮಲ್ಲಿ ಅದು ತಿರುವುಮುರುವಾಗಿತ್ತು. ಸಾಲದ್ದಕ್ಕೆ ಎರಡು ಡೊಮೇನ್ ಕಂಟ್ರೋಲರ್‌ಗಳನ್ನು ಒಂದೇ ಪ್ರೊಫೈಲಿನಲ್ಲಿ ಸೇರಿಸದೆ ಬೇರೆ ಬೇರೆ ಪ್ರೊಫೈಲ್ ಮಾಡಿ ಸಾಲಾಗಿ ಇಟ್ಟಿದ್ದರು. ಮೊದಲನೆಯದು ನಿರಾಕರಿಸಿದ ಪಾಸ್‌ವರ್ಡನ್ನು ಎರಡನೆಯದಕ್ಕೂ ಒಪ್ಪಿಸುತ್ತಿದ್ದುದರಿಂದ ಒಂದು ತಪ್ಪು ಎರಡಾಗಿ ಎಣಿಕೆಯಾಗುತ್ತಿತ್ತು.

ಇದನ್ನು ಕೆದಕುತ್ತಾ ಹೋದಾಗ ಉಳಿದದ್ದೂ ಹೊರಬಿತ್ತು. ವಿಪಿಎನ್ ಬಳಸಬಹುದಾದವರಿಗೆಂದು ಡೈರೆಕ್ಟರಿಯಲ್ಲಿ ಪ್ರತ್ಯೇಕ ಗ್ರೂಪ್ ಇತ್ತು, ಅದರೊಳಗೆ ವಿಭಾಗಗಳ ಗ್ರೂಪುಗಳಿದ್ದವು. ಬಳಕೆದಾರನ ‘ಮೆಂಬರ್‌ಆಫ್’ ಗುಣದಲ್ಲಿ ಆತ ನೇರವಾಗಿ ಸೇರಿರುವ ಗ್ರೂಪುಗಳಷ್ಟೇ ಕಾಣುತ್ತವೆ. ಗ್ರೂಪಿನೊಳಗಿನ ಗ್ರೂಪನ್ನು ಹುಡುಕಬೇಕಾದರೆ ಫೈರ್‌ವಾಲ್‌ನ ಹುಡುಕಾಟದ ಫಿಲ್ಟರಿನಲ್ಲಿ 1.2.840.113556.1.4.1941 ಎಂಬ ನಿಯಮವನ್ನು ಬರೆಯಬೇಕು. ಅದನ್ನು ಬರೆಯುವ ಬದಲು ಜೋಡಿಸಿದವರು ಗ್ರೂಪಿನ ಷರತ್ತನ್ನೇ ತೆಗೆದುಹಾಕಿದ್ದರು. ಹಾಗಾಗಿ ಪ್ರಿಂಟರ್ ಸ್ಕ್ಯಾನಿಂಗಿಗೆಂದು ಎಂದೋ ಮಾಡಿದ್ದ ಅಕೌಂಟಿಗೂ ಹೊರಗಿನಿಂದ ಒಳಬರುವ ಅರ್ಹತೆ ದೊರಕಿತ್ತು.

ಇನ್ನೊಂದು ಇದಕ್ಕಿಂತ ಗಂಭೀರ. ಡೈರೆಕ್ಟರಿಯನ್ನು ಓದಲು ಫೈರ್‌ವಾಲ್‌ಗೆ ಕೊಟ್ಟಿದ್ದ ಸರ್ವಿಸ್ ಅಕೌಂಟ್ ಇಡೀ ಡೊಮೇನ್ ಮೇಲೆ ಪೂರ್ಣ ಅಧಿಕಾರವಿರುವ ಡೊಮೇನ್ ಅಡ್ಮಿನ್ಸ್ ಗ್ರೂಪಿನಲ್ಲಿತ್ತು, ಸಂಪರ್ಕ 389ನೇ ಪೋರ್ಟಿನಲ್ಲಿತ್ತು. ಆ ಪೋರ್ಟಿನಲ್ಲಿ ಟಿಎಲ್‌ಎಸ್ ಎಂಬ ಗೂಢಲಿಪೀಕರಣ ಇಲ್ಲದೆ ಸಿಂಪಲ್ ಬೈಂಡ್ (ಹೆಸರು, ಪಾಸ್‌ವರ್ಡ್ ನೇರವಾಗಿ ಒಪ್ಪಿಸುವ ಲಾಗಿನ್) ಮಾಡಿದರೆ ಪಾಸ್‌ವರ್ಡ್ ಇದ್ದಹಾಗೆಯೇ ಸಾಗುತ್ತದೆ, ಮಧ್ಯದಲ್ಲಿ ಪ್ಯಾಕೆಟ್ ಹಿಡಿದವರು ಅದನ್ನು ಅಕ್ಷರಕ್ಷರ ಓದಬಹುದು. ಬಳಕೆದಾರರ ಹೆಸರು ಹುಡುಕುವುದಕ್ಕೆ ಸಾಮಾನ್ಯ ಅಕೌಂಟಿನ ಓದುವ ಹಕ್ಕು ಧಾರಾಳವಾಗಿ ಸಾಕು. ಜೋಡಿಸಿದವರನ್ನು ಕೇಳಿದ್ದಕ್ಕೆ ಬಂದ ಉತ್ತರ, “ಸರ್, ಎಲ್ಲಾ ಕಡೆ ಹೀಗೇ ಹಾಕೋದು.” ಈ ಮಾತು ಸುಳ್ಳಲ್ಲದಿರಬಹುದು, ಅದೇ ಭಯ. ಟಿಎಲ್‌ಎಸ್ ಇಲ್ಲದ ಇಂತಹ ಬೈಂಡ್‌ಗಳು ನಡೆದಿದ್ದರೆ ಡೈರೆಕ್ಟರಿ ಸರ್ವಿಸ್ ಲಾಗ್‌ನಲ್ಲಿ ದಿನಕ್ಕೊಮ್ಮೆ 2887ನೇ ಈವೆಂಟ್ ಅವುಗಳ ಸಂಖ್ಯೆಯನ್ನು ಕೊಡುತ್ತದೆ. ರಿಜಿಸ್ಟ್ರಿಯಲ್ಲಿ ‘16 ಎಲ್‌ಡಿಎಪಿ ಇಂಟರ್‌ಫೇಸ್ ಈವೆಂಟ್ಸ್’ ಮೌಲ್ಯವನ್ನು 2ಕ್ಕೆ ಏರಿಸಿದರೆ, 2889ನೇ ಈವೆಂಟ್ ಪ್ರತಿ ಬೈಂಡಿನ ಐಪಿ ಮತ್ತು ಅಕೌಂಟ್ ಎರಡನ್ನೂ ಹೆಸರಿಸುತ್ತದೆ. ಮೈಕ್ರೋಸಾಫ್ಟ್ 2019ರಲ್ಲೇ ಎಡಿವಿ190023 ಎಂಬ ಸೂಚನೆಯಲ್ಲಿ ಎಲ್‌ಡಿಎಪಿ ಸಹಿ ಮತ್ತು ಚಾನೆಲ್ ಬೈಂಡಿಂಗ್ (ಮಧ್ಯದಲ್ಲಿ ಯಾರೂ ಕೈಯಾಡಿಸದಂತೆ ತಡೆಯುವ ಕ್ರಮಗಳು) ಬಿಗಿಗೊಳಿಸಲು ಹೇಳಿತ್ತು.

ಟಿಎಲ್‌ಎಸ್ ಬಳಸುವ 636ನೇ ಪೋರ್ಟಿಗೆ ಬದಲಿಸಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ, ಸರ್ವರಿನ ಸರ್ಟಿಫಿಕೇಟನ್ನು ಫೈರ್‌ವಾಲ್ ಪರಿಶೀಲಿಸುತ್ತಿರಬೇಕು. ನಮ್ಮ ಫೈರ್‌ವಾಲ್ ಬೇರೆ ಕಂಪನಿಯದಾದರೂ ಫೋರ್ಟಿನೆಟ್ ಕಂಪನಿಯ ಫೈರ್‌ವಾಲ್‌ಗಳ ತಂತ್ರಾಂಶವಾದ ಫೋರ್ಟಿಓಎಸ್‌ನ ಎರಡು ಬಹಿರಂಗ ದೋಷಗಳನ್ನು ಇಲ್ಲಿ ಹೇಳಬೇಕು (ಸಿವಿಇ ಎಂದರೆ ಇಂತಹ ದೋಷಗಳ ಪಟ್ಟಿಯ ಸಂಖ್ಯೆ). ಸಿವಿಇ-2019-5591ರಲ್ಲಿ, ಮೂಲ ಸಂರಚನೆಯ ಕಾರಣದಿಂದ ಅದೇ ಸಬ್‌ನೆಟ್‌ನಲ್ಲಿರುವವನೊಬ್ಬ ಎಲ್‌ಡಿಎಪಿ ಸರ್ವರಿನ ವೇಷ ಹಾಕಲು ಸಾಧ್ಯವಿತ್ತು. ಸಿವಿಇ-2020-12812ರಲ್ಲಿ ಬಳಕೆದಾರ ತನ್ನ ಹೆಸರಿನ ದೊಡ್ಡ-ಸಣ್ಣ ಅಕ್ಷರಗಳನ್ನು ಬದಲಿಸಿ ಟೈಪಿಸಿದರೆ ಎರಡನೇ ಹಂತದ ದೃಢೀಕರಣ ಕೇಳದೆಯೇ ಒಳಗೆ ಬಿಡುತ್ತಿತ್ತು, ಏಕೆಂದರೆ ಹೆಸರಿನ ಅಕ್ಷರಭೇದವನ್ನು ಫೈರ್‌ವಾಲ್ ಎಣಿಸುತ್ತಿತ್ತು, ಡೈರೆಕ್ಟರಿ ಎಣಿಸುತ್ತಿರಲಿಲ್ಲ. ಈ ಎರಡರ ವಿಷಯದಲ್ಲೂ ಅಮೆರಿಕದ ಎಫ್‌ಬಿಐ ಮತ್ತು ಅಲ್ಲಿನ ಸೈಬರ್ ಸುರಕ್ಷತಾ ಸಂಸ್ಥೆ ಸಿಸಾ 2021ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಹೊರಡಿಸಿದ್ದವು.

ಆ ದಿನಗಳಲ್ಲಿ ಯಾರಾದರೂ ನಿಜವಾಗಿ ಒಳಬಂದರೇ ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಫೈರ್‌ವಾಲ್‌ನ ಲಾಗ್ ಅದರ ಮೆಮೊರಿಯಲ್ಲೇ ಉಳಿದು, ಹಳೆಯದರ ಮೇಲೆ ಹೊಸದು ಬರೆದುಕೊಂಡಿತ್ತು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎಂಬ ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನವನ್ನು ಗುತ್ತಿಗೆಯ ಕರಾರಿನಲ್ಲೇ ಬರೆಸಿಕೊಳ್ಳಿ.

ಇನ್ನು ಹಸ್ತಾಂತರದ ದಿನ ಅವರನ್ನು ಎದುರಿಗೆ ಕೂರಿಸಿಕೊಂಡು, ಗ್ರೂಪಿನಲ್ಲಿಲ್ಲದವರ ಹೆಸರಿನಲ್ಲಿ, ನಿಷ್ಕ್ರಿಯಗೊಳಿಸಿದ ಅಕೌಂಟಿನಲ್ಲಿ, ದೊಡ್ಡ-ಸಣ್ಣ ಅಕ್ಷರ ಬದಲಿಸಿದ ಹೆಸರಿನಲ್ಲಿ ಲಾಗಿನ್ ಪ್ರಯತ್ನಿಸಿ. ಪಾಸ್‌ವರ್ಡ್ ಖಾಲಿ ಬಿಟ್ಟೂ ನೋಡಿ: ಹೆಸರಿದ್ದು ಪಾಸ್‌ವರ್ಡ್ ಖಾಲಿ ಇರುವ ಬೈಂಡನ್ನು ಎಲ್‌ಡಿಎಪಿ ಸರ್ವರ್ ಅನಾಮಿಕ ಬೈಂಡೆಂದು ಪರಿಗಣಿಸಿ ‘ಯಶಸ್ವಿ’ ಎಂದು ಉತ್ತರಿಸಬಹುದು, ಅದನ್ನು ಫೈರ್‌ವಾಲ್ ಲಾಗಿನ್ ಎಂದೇ ಭಾವಿಸಿದರೆ ಪಾಸ್‌ವರ್ಡಿನ ಅಗತ್ಯವೇ ಉಳಿಯುವುದಿಲ್ಲ. ಕೊನೆಗೆ ಎರಡೂ ಡೊಮೇನ್ ಕಂಟ್ರೋಲರ್‌ಗಳ ಕೇಬಲ್ ಕೆಲವು ನಿಮಿಷ ತೆಗೆದು, ಡೈರೆಕ್ಟರಿಯ ಹಂಗಿಲ್ಲದ ಸ್ಥಳೀಯ ಅಡ್ಮಿನ್ ಅಕೌಂಟಿನಿಂದ ಫೈರ್‌ವಾಲ್‌ನೊಳಗೆ ಹೋಗಲು ಆಗುತ್ತದೆಯೇ ಎಂದು ನೋಡಿದ ಮೇಲೆ ಬಿಲ್ ತೆಗೆದುಕೊಳ್ಳಿ.