ಪ್ಲೇಸ್ಟೇಷನ್ 2 ಸ್ಲಿಮ್: ಕಾಸರಗೋಡಿನ ನಾಲ್ಕು ಮಳೆಗಾಲದ ನಂತರ

ನಾಲ್ಕು ಮಳೆಗಾಲ ಕಳೆದರೂ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 2ರ (ಪಿಎಸ್2) ಈ ತೆಳು ಮಾದರಿ, ಎಸ್‌ಸಿಪಿಎಚ್-77000 ಸರಣಿಯ ಸ್ಲಿಮ್, ಚೆನ್ನಾಗಿಯೇ ನಡೆಯುತ್ತಿದೆ. ಡಿಸ್ಕ್ ಡ್ರೈವ್ ಮಾತ್ರ ಎರಡನೇ ಆಟಿಗೇ (ತುಳುವಿನ ಮಳೆಗಾಲದ ತಿಂಗಳು) ಸೋತಿತು. ಕಡಿಮೆ ಖರ್ಚಿನಲ್ಲಿ ಹಳೆಯ ಆಟಗಳನ್ನು ಆಡಲು ಇಷ್ಟು ಒಳ್ಳೆಯ ಕನ್ಸೋಲ್ ಬೇರೆ ಇಲ್ಲ. ಆದರೆ ಡ್ರೈವ್ ರಿಪೇರಿಗೆ ದುಡ್ಡು ಸುರಿಯುವುದು ಬೇಡ. ಆ ಹಣ ಮೆಮೊರಿ ಕಾರ್ಡಿಗೂ ಟಿವಿಯ ತಂತಿಗೂ ಹೋಗಲಿ.

2000ದಲ್ಲಿ ಬಂದ ಪಿಎಸ್2 ತಯಾರಿಕೆ 2013ರ ಜನವರಿಗೆ ನಿಂತಿತು. ಈಗ ಸಿಗುವುದೆಲ್ಲ ಬಳಸಿದ್ದೇ: ಗಲ್ಫಿನಿಂದ ಬಂದು ಅಟ್ಟ ಸೇರಿದ್ದು, ಇಲ್ಲವೇ ಗುಜರಿ ಅಂಗಡಿಯದು. ಕೊಳ್ಳುವ ಮುನ್ನ ಅಡಿಯ ಲೇಬಲ್ ಓದಿ, ಯಾವ ಪ್ರದೇಶದ ಕನ್ಸೋಲ್ ಎಂದು ನೋಡಿ. ಬೇರೆ ಪ್ರದೇಶದ ಡಿಸ್ಕ್ ಅದರಲ್ಲಿ ನೇರವಾಗಿ ಓಡುವುದಿಲ್ಲ. ಕೊನೆಯ 90000 ಸರಣಿಯಲ್ಲಿ ವಿದ್ಯುತ್ ಭಾಗ ಪೆಟ್ಟಿಗೆಯೊಳಗೇ ಇದೆ. ಹಿಂದಿನ ಸ್ಲಿಮ್‌ಗಳಿಗೆ 8.5 ವೋಲ್ಟಿನ ಅಡಾಪ್ಟರ್ ಹೊರಗಿದೆ. ಸಿಡಿಲು ಹೆಚ್ಚಿರುವ ನಮ್ಮ ಕಡೆಗೆ ಹೊರಗಿನದೇ ಮೇಲು, ಕೆಟ್ಟರೆ ಅದೊಂದನ್ನು ಬದಲಿಸಿದರಾಯಿತು. ಹಾಗೆಂದು ಪಿನ್ ಹೊಂದಿತೆಂದು 12 ವೋಲ್ಟಿನದನ್ನು ಸಿಕ್ಕಿಸಿದರೆ ಬೋರ್ಡೇ ಹೋಗುತ್ತದೆ. ಮಲ್ಟಿಮೀಟರಿನಲ್ಲಿ ನೋಡದೆ ಯಾವ ಅಡಾಪ್ಟರನ್ನೂ ಹಾಕಬೇಡಿ.

90000 ಸರಣಿಗೆ ಇನ್ನೊಂದು ಕೊರತೆಯೂ ಇದೆ. ಡಿಸ್ಕ್ ಇಲ್ಲದೆ ಆಡಲು ಬೇಕಾದ ಫ್ರೀ ಎಂಸಿಬೂಟ್ ಎಂಬ ಮೆಮೊರಿ ಕಾರ್ಡಿನ ತಂತ್ರಾಂಶ, ರೋಮ್ (ಕನ್ಸೋಲಿನೊಳಗಿನ ಮೂಲ ತಂತ್ರಾಂಶ) ಆವೃತ್ತಿ 2.30 ಇರುವ ಯಂತ್ರಗಳಲ್ಲಿ ನಡೆಯುವುದಿಲ್ಲ.  2.20 ಅಥವಾ ಕೆಳಗಿನದಾದರೆ ಸರಿ. 2.30 ಆದರೆ ಓಪನ್‌ಟ್ಯೂನಾ (ಅದೇ ಕೆಲಸದ ಇನ್ನೊಂದು ತಂತ್ರಾಂಶ) ಹಾಕಿದ ಮೆಮೊರಿ ಕಾರ್ಡ್ ಬೇಕು.

ಕಾರ್ಡ್ 8 ಎಂಬಿಯದೇ ಇರಲಿ. 64 ಎಂಬಿ ಎಂದು ಬರೆದ ಅಗ್ಗದ ಕಾರ್ಡುಗಳಲ್ಲಿ ಸೇವ್ ಮಾಡಿದ ಆಟ ಕೆಡುವುದು ಮಾಮೂಲು.

ಆಟ ಎಲ್ಲಿಂದ ಓಡಿಸುವುದು ಎಂಬಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಪೆನ್‌ಡ್ರೈವ್ ಸಿಕ್ಕಿಸಿ ಓಪಿಎಲ್ ಎಂಬ, ಡಿಸ್ಕ್ ಇಲ್ಲದೆ ಆಟ ಓಡಿಸುವ ತಂತ್ರಾಂಶದಲ್ಲಿ ಆಡಿದರೆ ನಡುವಿನ ವಿಡಿಯೋ ದೃಶ್ಯಗಳು ತಡವರಿಸುತ್ತವೆ, ಧ್ವನಿ ತುಂಡಾಗುತ್ತದೆ. ತಪ್ಪು ಪೆನ್‌ಡ್ರೈವಿನದಲ್ಲ: ಕನ್ಸೋಲಿನ ಯುಎಸ್‌ಬಿ 1.1 ಮಾದರಿಯದು, ಸೆಕೆಂಡಿಗೆ ಸುಮಾರು 1 ಎಂಬಿ ಮಾತ್ರ ಎಳೆಯಬಲ್ಲದು. ಎಂಎಕ್ಸ್4ಎಸ್‌ಐಒ ಎಂಬ ಚಿಕ್ಕ ಅಡಾಪ್ಟರಿನಲ್ಲಿ ಎಸ್‌ಡಿ ಕಾರ್ಡ್ ಹಾಕಿ ಎರಡನೇ ಮೆಮೊರಿ ಕಾರ್ಡ್ ಸ್ಲಾಟಿಗೆ ಕೊಟ್ಟರೆ ಈ ತೊಂದರೆ ಬಹುಪಾಲು ತೀರುತ್ತದೆ. ಇದಕ್ಕೆ ಓಪಿಎಲ್‌ನ ಹೊಸ ಆವೃತ್ತಿಯೇ ಬೇಕು. ಕಾರ್ಡನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ದಾಟಿದ ಫೈಲ್ ಕುಳಿತುಕೊಳ್ಳುವುದಿಲ್ಲ. ನಿಮ್ಮ ಡಿಸ್ಕಿನಿಂದ ತೆಗೆದ ಐಎಸ್‌ಒಗಳನ್ನು (ಇಡೀ ಡಿಸ್ಕಿನ ನಕಲು ಫೈಲ್) ಖಾಲಿ ಕಾರ್ಡಿಗೆ ಒಂದಾದ ಮೇಲೊಂದರಂತೆ ನಕಲಿಸಿ. ನಡುವೆ ಅಳಿಸಿ ಮತ್ತೆ ತುಂಬಿದರೆ ಫೈಲ್ ಚದುರಿ, ಆಟ ಶುರುವಾಗದೇ ಇರಬಹುದು. ಹಾಗಾದಾಗ ಎಲ್ಲ ಅಳಿಸಿ ಹೊಸದಾಗಿ ತುಂಬುವುದೇ ಬೇಗ ಮುಗಿಯುವ ದಾರಿ. ಅಡಿಭಾಗ ನೀಲಿ ಇರುವ ಡಿಸ್ಕುಗಳು ಸಿಡಿ ಮಾದರಿಯವು, ಅವುಗಳ ಐಎಸ್‌ಒ ಡಿವಿಡಿ ಫೋಲ್ಡರಿಗಲ್ಲ, ಸಿಡಿ ಫೋಲ್ಡರಿಗೆ ಹೋಗಬೇಕು.

ಚಿತ್ರದ ವಿಷಯ. ಮನೆಯಲ್ಲಿ ಹಳೆಯ ಡಬ್ಬ ಟಿವಿ ಇದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ. ಹಳದಿ ತಂತಿಯಲ್ಲೇ ಅದರಲ್ಲಿ ಚಿತ್ರ ಸೊಗಸು. ಬಂದೂಕಿನ ಆಟಗಳ ಲೈಟ್ ಗನ್ ಅಂತೂ ಅದರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಎಲ್‌ಇಡಿ ಟಿವಿಗೆ ಕಾಂಪೊನೆಂಟ್ ತಂತಿ ಬೇಕು, ಆ ಜಾಗ ಇಲ್ಲದ ಟಿವಿಗೆ ಪಿಎಸ್2ರಿಂದ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಪ್ಲಗ್. ಪ್ಲಗ್ ಹಾಕುವ ಮೊದಲೇ, ಹಳದಿ ತಂತಿ ಇರುವಾಗ, ಸಿಸ್ಟಮ್ ಕಾನ್ಫಿಗರೇಷನ್‌ನ ಕಾಂಪೊನೆಂಟ್ ವಿಡಿಯೋ ಔಟ್ ಅನ್ನು ಆರ್‌ಜಿಬಿಯಿಂದ ವೈ ಸಿಬಿ/ಪಿಬಿ ಸಿಆರ್/ಪಿಆರ್‌ಗೆ ಬದಲಿಸಿ. ಇಲ್ಲದಿದ್ದರೆ ಬಣ್ಣ ಕೆಡುತ್ತದೆ ಅಥವಾ ಚಿತ್ರವೇ ಬರುವುದಿಲ್ಲ. ಪ್ಲಗ್ ಕೆಟ್ಟಿದೆ ಎಂದು ಹಿಂದಿರುಗಿಸುವವರಲ್ಲಿ ಹಲವರದ್ದು ಇದೇ ಕಥೆ. ಈ ಪ್ಲಗ್ ಚಿತ್ರವನ್ನು ದೊಡ್ಡದು ಮಾಡುವುದಿಲ್ಲ, ಸಿಕ್ಕಿದ್ದನ್ನು ಹಾಗೆಯೇ ದಾಟಿಸುತ್ತದೆ. ಆದ್ದರಿಂದ ಪಿಎಸ್1 (ಮೊದಲ ಪ್ಲೇಸ್ಟೇಷನ್) ಆಟಗಳ 240ಪಿ (240 ಸಾಲುಗಳ ಚಿತ್ರದ) ಸಂಕೇತವನ್ನು ಒಪ್ಪದ ಟಿವಿಯಲ್ಲಿ ಪರದೆ ಕಪ್ಪು. ಪಿಎಸ್2 ಆಟಗಳಿಗಾದರೆ ಓಪಿಎಲ್‌ನ ಜಿಎಸ್‌ಎಂ ಎಂಬ, ಚಿತ್ರದ ಮಾದರಿ ಬದಲಿಸುವ ಆಯ್ಕೆಯಲ್ಲಿ 480ಪಿ ಆರಿಸಿ ನೋಡಬಹುದು; ಎಲ್ಲ ಆಟವೂ ಒಪ್ಪುವುದಿಲ್ಲ.

ಕಂಟ್ರೋಲರಿನ ಬಟನ್ ತಾನೇ ಒತ್ತಿದಂತಾದರೆ ಎಸೆಯಬೇಡಿ. ಒಳಗಿನ ತೆಳು ಹಾಳೆಯನ್ನು ಬೋರ್ಡಿಗೆ ಒತ್ತಿ ಹಿಡಿಯುವ ಸ್ಪಂಜು ಕುಗ್ಗಿರುತ್ತದೆ. ಸ್ಟಾರ್ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಆ ಸಂಪರ್ಕದ ಹಿಂದೆ ಇನ್ಸುಲೇಷನ್ ಟೇಪನ್ನು ಎರಡು ಮಡಿಕೆ ಮಾಡಿ ಇಟ್ಟರೆ ಸಾಕು. ಗಡಿಯಾರ ಪ್ರತಿ ಸಲ ಮೊದಲಿಗೆ ಹೋಗುತ್ತಿದ್ದರೆ ಒಳಗಿನ ಸಿಆರ್2032 ಬ್ಯಾಟರಿ ಸತ್ತಿದೆ ಎಂದರ್ಥ. ಸೇವ್‌ಗಳಿಗೆ ಅದರಿಂದ ಏನೂ ಆಗದು.

ಪತ್ತನಾಜೆ (ಮೇ ಕೊನೆಯ ತುಳುನಾಡಿನ ದಿನ) ಕಳೆದು ಮಳೆ ಹಿಡಿದ ಮೇಲೆ ಮಸೂರಕ್ಕೂ ಡಿಸ್ಕಿಗೂ ಬೂಷ್ಟು ಬರುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಮಸೂರವನ್ನು ಒತ್ತದೆ ಒರೆಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಒಳಗಿನ ತೇವ ಆರುತ್ತದೆ. ಆಡದ ದಿನ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ; ಅಕ್ಕಿ ಬೇಡ, ಹುಡಿ ಫ್ಯಾನಿಗೆ ಹೋಗಿ ಇರುವೆ ಕರೆಯುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಶುರುವಾದರೆ ಪ್ಲಗ್ ಮಾತ್ರವಲ್ಲ, ಎವಿ ತಂತಿಯನ್ನೂ ಲ್ಯಾನ್ ತಂತಿಯನ್ನೂ ಕಳಚಿ. ಕೇಬಲ್ ಟಿವಿಯ ತಂತಿಯಲ್ಲಿ ಬಂದ ಸಿಡಿಲು ಟಿವಿಯ ಮೂಲಕ ಕನ್ಸೋಲಿಗೂ ಇಳಿಯುತ್ತದೆ.