ಹೋಂಸ್ಟೇ ಕ್ಲೀನಿಂಗ್: ರೂಮ್ ಲೆಕ್ಕ, ತಿಂಗಳ ಸಂಬಳ, ಏಜೆನ್ಸಿ, ಖಾತ್ರಿ ಕೂಲಿ. ನಾನು ನೋಡಿದ ಹೋಲಿಕೆ

ಹೋಂಸ್ಟೇ ನಡೆಸುವವರು ಸೇರಿದರೆ ರೂಮಿನ ಬಾಡಿಗೆ, ವೀಕೆಂಡ್ ರೇಟು, ಕಮಿಷನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಕ್ಲೀನ್ ಮಾಡುವವರಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿದರೆ ಮಾತ್ರ ಉತ್ತರ ಒಂದೇ: "ಇಲ್ಲಿ ನಡೆಯೋ ರೇಟು." ಆ ರೇಟು ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಅದರಲ್ಲಿ ಏನೇನು ಕೆಲಸ ಸೇರಿದೆ ಅಂತ ಯಾರೂ ಹೇಳುವುದಿಲ್ಲ.

ನಮ್ಮದು ಚಿಕ್ಕಮಗಳೂರು ಜಿಲ್ಲೆ, ಆಲ್ದೂರು ಕಡೆ. ಕಾಫಿ ತೋಟದ ನಡುವೆ ಮೂರು ರೂಮಿನ ಮನೆ. ಕೆಲವರು ಒಂದು ರೂಮ್ ತೆಗೆದುಕೊಂಡು ಊಟ ಸೇರಿ ತಲೆಗೆ ಇಷ್ಟು ಅಂತ ಬರುತ್ತಾರೆ. ಕೆಲವರು ಇಡೀ ಮನೆಯನ್ನೇ ತೆಗೆದುಕೊಳ್ಳುತ್ತಾರೆ. ಕ್ಲೀನಿಂಗ್‌ಗೆ ಹತ್ತಿರದ ಊರಿಂದ ಇಬ್ಬರು ಹೆಂಗಸರು ಬರುತ್ತಾರೆ. ಇದೇ ಮನೆಯಲ್ಲಿ ಕೂಲಿಯನ್ನು ನಾಲ್ಕು ಬಗೆಯಲ್ಲಿ ಕೊಟ್ಟು ನೋಡಿದ್ದೇನೆ. ಗೆಸ್ಟ್ ಹತ್ತಿರ ಕ್ಲೀನಿಂಗ್ ಶುಲ್ಕವನ್ನೂ ಬೇರೆ ಬೇರೆ ಥರ ತೆಗೆದುಕೊಂಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕೂಲಿ ಎಷ್ಟು ಅನ್ನುವುದು ಮೊದಲು ನಿಲ್ಲಬೇಕು. ಶುಲ್ಕ ಅದರ ಹಿಂದೆ ಬರಬೇಕು. ಗೆಸ್ಟ್ ಎಷ್ಟು ಕೊಡುತ್ತಾರೆ ಅಂತ ನೋಡಿ ಕೂಲಿ ಕೊಡುವ ಪದ್ಧತಿ ಯಾರಿಗೂ ಒಳ್ಳೆಯದು ಮಾಡುವುದಿಲ್ಲ.

ರೂಮಿಗೆ ಇಷ್ಟು

ನಮ್ಮ ಕಡೆ ಜಾಸ್ತಿ ಇರುವುದು ಇದೇ. ಒಂದು ರೂಮ್ ಮಾಡಿದರೆ 150 ರೂಪಾಯಿ ಅಂದುಕೊಳ್ಳಿ. ಲೆಕ್ಕ ಸುಲಭ, ಜಗಳ ಇಲ್ಲ. ಗೆಸ್ಟ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮಾಲೀಕರಿಗೆ ಇಷ್ಟವಾಗುವುದು ಅದಕ್ಕೇ.

ಮೂರೂ ರೂಮ್ ತುಂಬಿದ ಭಾನುವಾರ ಕೆಲಸದವರಿಗೂ ಇದು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮಂಗಳವಾರ ಒಂದೇ ರೂಮ್ ಖಾಲಿಯಾಗುತ್ತದೆ. ಆ 150 ರೂಪಾಯಿಗೆ ಅವರು ಬೆಳಿಗ್ಗೆ ಮನೆ ಕೆಲಸ ಮುಗಿಸಿ, ಬಸ್ಸಿಗೆ ಕಾದು, ಬಂದು, ಮತ್ತೆ ಬಸ್ಸಿಗೆ ಕಾಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ನಿಜ. ಆದರೆ ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ ತೆಗೆಯಲೇಬೇಕು. ಒಂದೂಕಾಲು ಗಂಟೆ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ. ಅರ್ಧ ದಿನಕ್ಕೆ ಕೈಗೆ ಸಿಗುವುದು ಬಸ್ ಚಾರ್ಜು ಕಳೆದು ಉಳಿದದ್ದು.

ರೂಮ್ ಅಂದರೆ ಏನು ಅನ್ನುವುದೂ ಸಮಸ್ಯೆಯೇ. ಬೆಡ್‌ಶೀಟ್ ಬದಲಿಸಿ, ಬಾತ್‌ರೂಮ್ ತೊಳೆದು, ನೆಲ ಒರೆಸಿದರೆ ರೂಮ್ ಆಯಿತು. ಜಗಲಿ ಗುಡಿಸುವುದು? ಕ್ಯಾಂಪ್‌ಫೈರ್ ಬೂದಿ ತೆಗೆಯುವುದು? ಬಿಯರ್ ಬಾಟಲಿ ಆರಿಸುವುದು? ಇವೆಲ್ಲ ಯಾವ ರೂಮಿಗೂ ಸೇರಿಲ್ಲ. ಆದರೂ ಯಾರಾದರೂ ಮಾಡಲೇಬೇಕು ಅಲ್ವಾ? ಮಾಡುವವರು ಅವರೇ, ದುಡ್ಡಿಲ್ಲದೆ.

ಮಳೆಗಾಲದಲ್ಲಿ ಈ ಲೆಕ್ಕ ಪೂರ್ತಿ ಕೆಡುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಇಲ್ಲಿ ಬೆಡ್‌ಶೀಟ್ ಒಣಗುವುದಿಲ್ಲ. ಒಲೆ ಹತ್ತಿರ ಹಾಕಬೇಕು, ತಿರುವಿ ಹಾಕಬೇಕು, ಒಣಗಿದ್ದಕ್ಕೂ ಮುಗ್ಗಲು ವಾಸನೆ ಬಂದರೆ ಮತ್ತೆ ಒಗೆಯಬೇಕು. ಗೆಸ್ಟ್ ಕಾಲಿನ ಕೆಸರು ಬೇರೆ. ಕೆಲಸ ಒಂದೂವರೆ ಪಟ್ಟು, ಕೂಲಿ ಅಷ್ಟೇ. ಮಳೆಯ ಕಷ್ಟವನ್ನೆಲ್ಲ ಅವರ ಹೆಗಲಿಗೆ ಹಾಕಿ ನಾವು ಕೂತ ಹಾಗಾಗುತ್ತದೆ.

ಕಾಫಿ ಸೀಮೆಯವರಿಗೆ ಇದು ಹೊಸದಲ್ಲ. ಹಣ್ಣು ಕೊಯ್ಯುವಾಗ ಕೆಜಿ ಲೆಕ್ಕ ಮತ್ತು ದಿನಗೂಲಿ ಎರಡೂ ಇವೆ. ಗಿಡದಲ್ಲಿ ಹಣ್ಣು ತುಂಬಿದಾಗ ಕೆಜಿ ಲೆಕ್ಕ ಚೆನ್ನ. ಒಳ್ಳೆ ಕೈ ಇದ್ದವರು ದಿನಗೂಲಿಗಿಂತ ಜಾಸ್ತಿ ದುಡಿಯುತ್ತಾರೆ. ಕೊನೆಯ ಸುತ್ತಿನಲ್ಲಿ, ಗಿಡಕ್ಕೆ ನಾಲ್ಕು ಹಣ್ಣು ಉಳಿದಾಗ, ಯಾರೂ ಕೆಜಿ ಲೆಕ್ಕಕ್ಕೆ ಬರುವುದಿಲ್ಲ. ದಿನಗೂಲಿಯೇ ಕೊಡಬೇಕು. ತೋಟದಲ್ಲಿ ನಾವೆಲ್ಲ ಒಪ್ಪಿಕೊಂಡ ಮಾತು ಇದು. ಅದೇ ತೋಟದೊಳಗಿನ ಹೋಂಸ್ಟೇಯಲ್ಲಿ ಮಾತ್ರ ಮರೆಯುತ್ತೇವೆ.

ತಿಂಗಳ ಸಂಬಳ

ಕೆಲಸದವರಿಗೆ ನೆಮ್ಮದಿ ಇರುವುದು ಇದರಲ್ಲೇ. ಗೆಸ್ಟ್ ಬರಲಿ ಬಿಡಲಿ ದುಡ್ಡು ಬರುತ್ತದೆ. ಸಂಘದ ಕಂತು, ಮಕ್ಕಳ ಫೀಸು ಎಲ್ಲ ಲೆಕ್ಕ ಹಾಕಿಕೊಳ್ಳಬಹುದು. ನನಗೂ ಒಳ್ಳೆಯದಾಯಿತು. ಅದೇ ಜನ ಇದ್ದರೆ ಯಾವ ನಲ್ಲಿ ಸೋರುತ್ತಿದೆ, ಯಾವ ಮಂಚಕ್ಕೆ ಗೆದ್ದಲು ಬರುತ್ತಿದೆ ಅಂತ ಅವರೇ ಹೇಳುತ್ತಾರೆ.

ತೊಂದರೆ ಇರುವುದು ಖಾಲಿ ದಿನಗಳಲ್ಲಿ. ಸಂಬಳ ಕೊಡುತ್ತಿದ್ದೇನೆ, ಸುಮ್ನೆ ಕೂತಿದ್ದಾರೆ ಅನ್ನಿಸುತ್ತದೆ. ಹಾಗಾದರೆ ಸ್ವಲ್ಪ ಕಳೆ ಕೀಳಲಿ, ಮನೆಯ ಪಾತ್ರೆ ತೊಳೆಯಲಿ, ಮೆಣಸು ಬಿಡಿಸಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೋಂಸ್ಟೇ ಕ್ಲೀನಿಂಗ್‌ಗೆ ಅಂತ ಸೇರಿದವರು ವರ್ಷದೊಳಗೆ ಎಲ್ಲ ಕೆಲಸದ ಆಳಾಗಿರುತ್ತಾರೆ. ಮತ್ತೆ ಲಾಂಗ್ ವೀಕೆಂಡ್ ಬಂದಾಗ ಬೆಳಗಿನಿಂದ ರಾತ್ರಿ ತನಕ ದುಡಿದರೂ ಅದೇ ಸಂಬಳ.

ಸಂಬಳದ ದಾರಿ ಹಿಡಿಯುವವರು ಗಂಟೆಯನ್ನು ಬರೆದಿಡಲೇಬೇಕು. ದಿನದ ಮಾಮೂಲಿ ಗಂಟೆ ದಾಟಿದ ಕೆಲಸಕ್ಕೆ ಎರಡು ಪಟ್ಟು ದರ ಅನ್ನುವುದು ಹಳೆಯ ಕನಿಷ್ಠ ವೇತನ ಕಾನೂನಿನಲ್ಲೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ವಾರದ ರಜೆ ಭಾನುವಾರ ಕೊಡಲಾಗುವುದಿಲ್ಲ, ಅದು ಗೊತ್ತಿರುವ ವಿಷಯ. ಬುಧವಾರವೋ ಗುರುವಾರವೋ ಕೊಡಿ. ಆದರೆ ಪ್ರತಿ ವಾರ ಅದೇ ದಿನ ಕೊಡಿ. ರಜೆ ಯಾವತ್ತು ಅಂತ ಹಿಂದಿನ ರಾತ್ರಿ ಫೋನ್ ಮಾಡಿ ಹೇಳಿದರೆ ಅದು ರಜೆಯಲ್ಲ.

ಮೂರೇ ರೂಮಿನ ನಮ್ಮಂಥ ಮನೆಗೆ ಇಬ್ಬರ ಪೂರ್ತಿ ಸಂಬಳ ಭಾರ. ಆರೇಳು ರೂಮ್ ಇದ್ದು, ವಾರದ ನಡುವೆಯೂ ಗೆಸ್ಟ್ ಇರುವವರು ಬೇರೆ ಯೋಚನೆ ಮಾಡದೆ ಇದನ್ನೇ ಮಾಡಬೇಕು ಅಂತ ನನ್ನ ಅಭಿಪ್ರಾಯ.

ಏಜೆನ್ಸಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೇಟೆಯಿಂದ ಗಾಡಿಯಲ್ಲಿ ಬರುತ್ತಾರೆ, ಮಷೀನು ತರುತ್ತಾರೆ, ಬೇಗ ಮುಗಿಸುತ್ತಾರೆ. ಇಡೀ ಮನೆಗೆ 1,800 ತೆಗೆದುಕೊಂಡರು. ಬಂದ ಮೂವರನ್ನು ಮಾತಾಡಿಸಿದಾಗ ತಲೆಗೆ 300 ಸಿಗುತ್ತದೆ ಅಂದರು. ಅಂದರೆ ನಾನು ಕೊಟ್ಟದ್ದರಲ್ಲಿ ಅರ್ಧ. ಪ್ರತಿ ಸಲ ಬೇರೆ ಮುಖ, ಪ್ರತಿ ಸಲ ಮೊದಲಿನಿಂದ ಹೇಳಿಕೊಡಬೇಕು. ವರ್ಷಕ್ಕೊಮ್ಮೆ ಹಾಸಿಗೆ, ಸೋಫಾ, ನೀರಿನ ಟ್ಯಾಂಕ್ ತೊಳೆಸುವುದಕ್ಕೆ ಸರಿ. ದಿನದ ಕೆಲಸಕ್ಕೆ ಬೇಡ.

ಖಾತ್ರಿ ಕೂಲಿ

ಈಗ ನಡೆಸುತ್ತಿರುವುದು ಇದು. ಎಣಿಸುವುದು ರೂಮನ್ನಲ್ಲ, ಹೊತ್ತನ್ನು. ಕರೆದರೆ ಕನಿಷ್ಠ ಅರ್ಧ ದಿನದ ಕೂಲಿ. ಅರ್ಧ ದಿನ ಅಂದರೆ ನಾಲ್ಕು ಗಂಟೆ, 400 ರೂಪಾಯಿ. ಒಂದು ರೂಮ್ ಇದ್ದರೂ ಅಷ್ಟೇ, ಮೂರು ಇದ್ದರೂ ಅಷ್ಟೇ. ನಾಲ್ಕು ಗಂಟೆ ದಾಟಿದರೆ ಮುಂದಿನ ಪ್ರತಿ ಗಂಟೆಗೆ 150. ಬಸ್ ಚಾರ್ಜು ಬೇರೆ, ಊಟ ನಮ್ಮದು. ತಿಂಗಳಿಗೆ ಒಬ್ಬೊಬ್ಬರಿಗೂ 16 ಅರ್ಧ ದಿನದ ಖಾತ್ರಿ. ಅಂದರೆ ಮನೆ ಪೂರ್ತಿ ಖಾಲಿ ಇದ್ದರೂ 6,400 ಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಅವರು ತೋಟಕ್ಕೆ ಹೋಗಬಹುದು, ಬೇರೆ ಮನೆಗೆ ಹೋಗಬಹುದು. ಅದು ಅವರಿಷ್ಟ.

ಗೆಸ್ಟ್ ಹಿಂದಿನ ದಿನ ಕ್ಯಾನ್ಸಲ್ ಮಾಡಿದರೆ? ಕೂಲಿ ನಿಲ್ಲುವುದಿಲ್ಲ. ಅವರು ಆ ದಿನವನ್ನು ನನಗೆ ಎತ್ತಿಟ್ಟಿರುತ್ತಾರೆ, ಬೇರೆ ಕೂಲಿ ಬಿಟ್ಟಿರುತ್ತಾರೆ.

ರೂಮ್ ಲೆಕ್ಕಕ್ಕಿಂತ ಇದು ನನಗೆ ದುಬಾರಿ, ಅದರಲ್ಲೂ ಮಳೆಗಾಲದಲ್ಲಿ. ಆದರೆ ಬಾತ್‌ರೂಮ್ ಮೂಲೆಯಲ್ಲಿ ಅದರ ಫಲ ಕಾಣುತ್ತದೆ. ರೂಮಿಗೆ ಇಷ್ಟು ಅಂದಾಗ ಕೈ ಬೇಗ ಓಡಬೇಕು. ಹೊತ್ತಿಗೆ ಇಷ್ಟು ಅಂದಾಗ ಟೈಲ್ಸ್ ಸಂದಿಯನ್ನೂ ಉಜ್ಜುತ್ತಾರೆ. ಬೇಕು ಅಂತ ನಿಧಾನ ಮಾಡುತ್ತಾರೆ ಅಂತ ಹೇಳುವವರಿದ್ದಾರೆ. ನಮ್ಮಲ್ಲಿ ಹಾಗೆ ಆಗಿಲ್ಲ. ಚೆಕ್‌ಔಟ್ 11ಕ್ಕೆ, ಚೆಕ್‌ಇನ್ 1ಕ್ಕೆ. ಆ ಎರಡು ಗಂಟೆಯಲ್ಲಿ ನಿಧಾನ ಮಾಡಲು ಜಾಗವೇ ಇಲ್ಲ. ಒಬ್ಬರೇ ಮೂರು ರೂಮ್ ಮಾಡಿ ಮುಗಿಸಲಾಗುವುದಿಲ್ಲ. ಇಬ್ಬರನ್ನು ಕರೆಯಲೇಬೇಕು, ಇಬ್ಬರಿಗೂ ಅರ್ಧ ದಿನ ಕೊಡಲೇಬೇಕು. ಅದು ಕಷ್ಟ ಅನ್ನುವವರು ಚೆಕ್‌ಇನ್ ಸಮಯವನ್ನು 3 ಗಂಟೆಗೆ ಹಾಕಿಕೊಳ್ಳಲಿ.

ಗಲೀಜಿನ ದುಡ್ಡು ಬೇರೆ. ಕುಡಿದು ವಾಂತಿ ಮಾಡಿಕೊಂಡ ಹಾಸಿಗೆ, ಸಾರು ಚೆಲ್ಲಿದ ರಜಾಯಿ, ಕಟ್ಟಿಕೊಂಡ ಕಮೋಡ್. ಇಂಥದ್ದು ಬಂದರೆ ಹೆಚ್ಚುವರಿ 300 ನೇರ ಅವರ ಕೈಗೆ. ಅದನ್ನು ಗೆಸ್ಟ್ ಡಿಪಾಸಿಟ್‌ನಲ್ಲಿ ಹಿಡಿಯಲು ಆಯಿತಾ ಇಲ್ಲವಾ ಅನ್ನುವುದು ನನ್ನ ತಲೆನೋವು, ಅವರದಲ್ಲ. ಗ್ಲೌಸ್, ಗಮ್‌ಬೂಟ್ ನಮ್ಮ ಖರ್ಚು. ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಕೈಗೆ ಕೊಡಬೇಡಿ. ಬೆರೆತರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಟಿಪ್ಸ್ ಪೂರ್ತಿ ಅವರದ್ದೇ. ಅವರ ಫೋನಿನ ಕ್ಯೂಆರ್ ಕೋಡನ್ನು ರೂಮಿನಲ್ಲಿ ಇಟ್ಟಿದ್ದೇವೆ. ಟಿಪ್ಸ್ ಬರುತ್ತಲ್ಲ ಅಂತ ಕೂಲಿ ಕಡಿಮೆ ಮಾಡುವುದು ಅನ್ಯಾಯ.

400 ಸಾಕಾ ಅನ್ನುವ ಪ್ರಶ್ನೆ ನ್ಯಾಯವಾದದ್ದು. 2004ರಲ್ಲೇ ಕರ್ನಾಟಕ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿ ಮಾಡಿದೆ. ಆದರೆ ಹೋಂಸ್ಟೇ ಒಂದು ವ್ಯಾಪಾರ. ಹಾಗಾಗಿ ನಾನು ನೋಡುವುದು ಹೋಟೆಲ್ ಉದ್ಯಮದ ಕನಿಷ್ಠ ವೇತನ ಪಟ್ಟಿಯನ್ನು. ತಿಂಗಳ ದರವನ್ನು 26ರಿಂದ ಭಾಗಿಸಿದರೆ ದಿನದ್ದು ಸಿಗುತ್ತದೆ, ಅದನ್ನು 8ರಿಂದ ಭಾಗಿಸಿದರೆ ಗಂಟೆಯದ್ದು. ಅರ್ಧ ದಿನಕ್ಕೆ ಕರೆಯುವವರು ದಿನದ ದರದ ಅರ್ಧಕ್ಕಿಂತ ಜಾಸ್ತಿಯೇ ಕೊಡಬೇಕು. ಯಾಕೆಂದರೆ ಉಳಿದ ಅರ್ಧ ದಿನಕ್ಕೆ ಅವರಿಗೆ ಬೇರೆ ಕೆಲಸ ಸಿಗುವುದು ಕಡಿಮೆ.

ಗೆಸ್ಟ್ ಕಡೆಯ ಲೆಕ್ಕ

ಕೂಲಿ ನಿಂತ ಮೇಲೆ ಶುಲ್ಕ ಲೆಕ್ಕ ಹಾಕುವುದು ಸುಲಭ. ಒಂದು ರೂಮ್ ಬದಲಿಸಲು ನನ್ನ ಖರ್ಚು ಹೀಗಿದೆ. ಒಂದೂಕಾಲು ಗಂಟೆ ಕೆಲಸಕ್ಕೆ 125. ಖಾಲಿ ದಿನದ ಖಾತ್ರಿ ಮತ್ತು ಬಸ್ಸಿನ ಪಾಲು 60. ಒಗೆಯುವುದು ಒಣಗಿಸುವುದಕ್ಕೆ 70. ಸೋಪು, ಫಿನಾಯಿಲ್, ಕಸದ ಚೀಲ 30. ಬೆಡ್‌ಶೀಟ್, ಟವೆಲ್ ಸವೆತ 25. ಒಟ್ಟು 310. ಇಡೀ ಮನೆಯಾದರೆ ಮೂರು ರೂಮಿಗೆ 930, ಹಾಲ್, ಅಡುಗೆಮನೆ, ಜಗಲಿಗೆ ಇನ್ನೊಂದೂವರೆ ಗಂಟೆಯ 150. ಸೇರಿ 1,080. ಶುಲ್ಕ 1,100 ಇಡಬಹುದು.

ಇಲ್ಲಿ ಒಂದು ವಿಷಯ ಗಮನಿಸಿ. ಏರ್‌ಬಿಎನ್‌ಬಿಯಂಥ ರೂಮ್ ಬುಕಿಂಗ್ ಆ್ಯಪ್‌ಗಳಲ್ಲಿ ಕಮಿಷನ್ ಬಾಡಿಗೆಯ ಮೇಲೆ ಮಾತ್ರ ಅಲ್ಲ, ಕ್ಲೀನಿಂಗ್ ಶುಲ್ಕದ ಮೇಲೂ ಬೀಳುತ್ತದೆ. ಶೇ 15 ಕಮಿಷನ್ ಅಂದರೆ 1,100ರಲ್ಲಿ 165 ಹೋಗುತ್ತದೆ. ಅದನ್ನು ಬಾಡಿಗೆಯಲ್ಲಿ ಹೊಂದಿಸಿಕೊಳ್ಳಬೇಕೇ ಹೊರತು ಕೂಲಿಯಲ್ಲಿ ಕಡಿಯಬಾರದು.

ಶುಲ್ಕ ಬೇರೆ ತೋರಿಸಬೇಕಾ, ಬಾಡಿಗೆಯಲ್ಲೇ ಸೇರಿಸಬೇಕಾ? ಮನೆಯ ಬಾಡಿಗೆ ರಾತ್ರಿಗೆ 6,000 ಅಂದುಕೊಳ್ಳಿ. ಬೇರೆ ಇಟ್ಟರೆ ಒಂದು ರಾತ್ರಿಗೆ ಬರುವವರು 7,100 ಕೊಡುತ್ತಾರೆ, ಮೂರು ರಾತ್ರಿ ಇರುವವರು 19,100. ಶುಲ್ಕವನ್ನು ಎರಡು ರಾತ್ರಿಗೆ ಹಂಚಿ, ಬಾಡಿಗೆಯಲ್ಲೇ ಸೇರಿಸಿ 6,550 ಮಾಡಿದರೆ ಒಂದು ರಾತ್ರಿಯವರಿಂದ ನನಗೆ 550 ಕಡಿಮೆ ಬರುತ್ತದೆ, ಮೂರು ರಾತ್ರಿಯವರು 550 ಜಾಸ್ತಿ ಕೊಡುತ್ತಾರೆ. ಸೇರಿಸಿದಾಗ ಬೆಂಗಳೂರಿಂದ ಶನಿವಾರ ಬಂದು ಭಾನುವಾರ ಹೋಗುವವರೇ ಜಾಸ್ತಿಯಾದರು. ಬೇರೆ ಇಟ್ಟಾಗ ಎರಡು ಮೂರು ರಾತ್ರಿ ಇರುವವರು ಹೆಚ್ಚಾದರು. ಕ್ಲೀನಿಂಗ್ ಕೆಲಸವೂ ಒತ್ತೊತ್ತಾಗಿ ಬರುವುದು ನಿಂತಿತು. ಇಡೀ ಮನೆಗೆ ನಾನು ಶುಲ್ಕ ಬೇರೆಯೇ ಇಡುತ್ತೇನೆ. 2025ರಿಂದ ಏರ್‌ಬಿಎನ್‌ಬಿ ಎಲ್ಲ ದೇಶಗಳಲ್ಲೂ ಹುಡುಕುವಾಗಲೇ ಶುಲ್ಕ ಸೇರಿದ ಮೊತ್ತ ತೋರಿಸುತ್ತಿದೆ. ಹಾಗಾಗಿ ಬಾಡಿಗೆ ಕಡಿಮೆ ತೋರಿಸಿ ಶುಲ್ಕ ಏರಿಸುವ ಉಪಾಯಕ್ಕೆ ಬೆಲೆ ಇಲ್ಲ.

ತಲೆಗೆ ಇಷ್ಟು ಅಂತ ಊಟ ಸೇರಿಸಿ ಒಂದು ರೂಮಿಗೆ ಬರುವವರಿಗೆ ಮಾತ್ರ ಬೇರೆ ಶುಲ್ಕ ಬೇಡ. ಫೋನಿನಲ್ಲಿ ತಲೆಗೆ 2,500 ಅಂತ ಒಪ್ಪಿಕೊಂಡು ಬಂದವರಿಗೆ ಹೊರಡುವಾಗ ಕ್ಲೀನಿಂಗ್ ಅಂತ 310 ಕೇಳಿದರೆ ಅವರ ಮನಸ್ಸು ಕೆಡುತ್ತದೆ. ಅವರ ದರದಲ್ಲೇ ಸೇರಿಸಿದ್ದೇನೆ. ಶುಲ್ಕ ತೆಗೆದುಕೊಂಡವರ ಹತ್ತಿರ ಬೆಡ್‌ಶೀಟ್ ನೀವೇ ತೆಗೆಯಿರಿ, ಪಾತ್ರೆ ತೊಳೆದು ಹೋಗಿ ಅಂತ ಹೇಳುವುದೂ ಸರಿಯಲ್ಲ. ದುಡ್ಡು ತೆಗೆದುಕೊಂಡ ಮೇಲೆ ಕೆಲಸ ನಮ್ಮದು.

ಇನ್ನೂ ಸರಿಹೋಗದ ತಿಂಗಳು ಅಂದರೆ ಡಿಸೆಂಬರ್. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ ತನಕ. ಕ್ರಿಸ್‌ಮಸ್ ರಜೆಯ ಗೆಸ್ಟ್‌ಗಳು ಬರುವುದೂ ಆಗಲೇ. ಹಣ್ಣು ತುಂಬಿದ ತೋಟದಲ್ಲಿ ಕೆಜಿ ಲೆಕ್ಕಕ್ಕೆ ದುಡಿದರೆ ನನ್ನ 400ಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ನನ್ನ ಮನೆಗೆ ಬನ್ನಿ ಅಂತ ಒತ್ತಾಯ ಮಾಡಲು ನನಗೇನು ಹಕ್ಕಿದೆ? ಹಾಗಾಗಿ ಡಿಸೆಂಬರ್ 20ರಿಂದ ಜನವರಿ 2ರ ತನಕ ಅರ್ಧ ದಿನಕ್ಕೆ 600 ಅಂತ ಮಾಡಿದ್ದೇನೆ. ಇಬ್ಬರಲ್ಲಿ ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಈ ಸಲವೂ ಕೊಯ್ಲಿಗೇ ಹೋಗುತ್ತಾರೆ. ಅವರ ಖಾತ್ರಿ ಫೆಬ್ರವರಿಗೆ ಹಾಗೇ ಇರುತ್ತದೆ. ಆ ವಾರಗಳಲ್ಲಿ ದಿನಕ್ಕೆ ಎರಡೇ ರೂಮ್ ಕೊಡುವುದು ಅಂತ ಬುಕಿಂಗ್ ಕ್ಯಾಲೆಂಡರ್‌ನಲ್ಲಿ ಒಂದು ರೂಮ್ ಮುಚ್ಚಿದ್ದೇನೆ.